ಕೋಲಾರದಲ್ಲಿ ವಿದೇಶಿ ಸ್ವಯಂಸೇವೆ

ಹೊರದೇಶದವರು ಕೋಲಾರ ಸೀಮೆಗೆ ಬಂದು ಅನಾಥ ಮಕ್ಕಳ ಪಾಲನೆ, ಶಿಕ್ಷಣ ಮತ್ತು ಶುಶ್ರೂಷೆಯಲ್ಲಿ ತೊಡಗಿದ ಪರಂಪರೆ. ಇದು ಬಲವಾಗಿ ಬೇರೂರಿದ್ದು 1876-78ರ ಮಹಾ ಬರಗಾಲದಿಂದ. ಧಾತು ಸಂವತ್ಸರದಲ್ಲಿ ಹಿಡಿದ ಬರ ಈಶ್ವರ ಸಂವತ್ಸರದಲ್ಲೂ ಬಿಡಲಿಲ್ಲ. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 41.9 ಲಕ್ಷಕ್ಕೆ ಇಳಿದಿತ್ತು. ಕೋಲಾರದ್ದು ಕೆರೆಗಳನ್ನೇ ನಂಬಿದ ನೆಲ; ಮಳೆ ಸಾಲಾಗಿ ಕೈಕೊಟ್ಟರೆ ರಾಗಿಯ ಹಗೇವುಗಳೂ ಬರಿದಾಗುತ್ತಿದ್ದವು.

ಆ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಕೋಲಾರದಲ್ಲಿ ಸಾಕಿ ಓದಿಸಿದವರು ಇಂಗ್ಲೆಂಡಿನ ಮಿಸ್ ಆನ್‌ಸ್ಟಿ. ಬರ ಮುಗಿದರೂ ಮಕ್ಕಳಿಗೆ ಮರಳಿ ಹೋಗಲು ಮನೆಗಳಿರಲಿಲ್ಲ. ಹಾಗಾಗಿ ತುರ್ತಿನ ಪರಿಹಾರವಾಗಿದ್ದ ಕೆಲಸ ವರ್ಷಗಟ್ಟಲೆ ನಡೆಯಬೇಕಾಯಿತು. 1890ರಲ್ಲಿ ಆನ್‌ಸ್ಟಿಯವರ ಅನಾಥಾಲಯ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈ ಸೇರಿತು. ಅನ್ನ, ಅಕ್ಷರಗಳ ಜೊತೆಗೆ ಮಕ್ಕಳಿಗೆ ಹೊಸ ಧರ್ಮವೂ ಬಂತು. ತಮ್ಮ ಪರವಾಗಿ ಮಾತಾಡಲು ಯಾರೂ ಇಲ್ಲದ ಮಕ್ಕಳ ವಿಷಯದಲ್ಲಿ ಮತಾಂತರದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅವರು ಬದುಕಿ ಉಳಿದದ್ದನ್ನೂ ಮರೆಯುವಂತಿಲ್ಲ.

ಇದೇ ಮಿಷನ್ನಿನ ಇನ್ನೊಂದು ಕೊಡುಗೆ ಊರವರು ಇಟಿಸಿಎಂ ಎಂದೇ ಕರೆಯುವ ಆಸ್ಪತ್ರೆ. ಅದು ಎಲೆನ್ ಥೋಬರ್ನ್ ಕೋವೆನ್ ಅವರ ಸ್ಮಾರಕ. 1870ರಲ್ಲಿ ಭಾರತಕ್ಕೆ ಬಂದು ಲಖನೌದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಇಸಬೆಲ್ಲಾ ಥೋಬರ್ನ್ ಇವರ ತಂಗಿ.

ಅಂದಿನಂತೆ ಇಂದೂ ಸೇವೆಗೆಂದು ಹೊರದೇಶದಿಂದ ಬಂದವರಿಗೆಲ್ಲ ಎದುರಾಗುವ ತೊಡಕು ಭಾಷೆಯದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಶಾಲೆಯ ಪಾಠ ಕನ್ನಡದಲ್ಲಿ, ಹಲವು ಮಕ್ಕಳ ಮನೆಮಾತು ತೆಲುಗು. ಕಷ್ಟಪಟ್ಟು ಕನ್ನಡ ಕಲಿತು ಬಂದವರೂ ಜಗಲಿಯ ಮೇಲೆ ಅಜ್ಜಿಯೊಡನೆ ಮಾತಿಗಿಳಿದರೆ ತಬ್ಬಿಬ್ಬಾಗಬೇಕು. ವರ್ಷಗಟ್ಟಲೆ ನೆಲೆಸಿದವರಿಗೆ ಎರಡೂ ದಕ್ಕುತ್ತವೆ. ಬೇಸಿಗೆ ರಜೆಯ ಅತಿಥಿಗೆ ಹಾಡು, ಆಟ, ನಾಲ್ಕಾರು ಇಂಗ್ಲಿಷ್ ಪದಗಳಾಚೆ ಹೆಚ್ಚೇನೂ ಕಲಿಸಲಾಗದು. ಇನ್ನೊಂದು ತೊಡಕೂ ಇದೆ: ಹಚ್ಚಿಕೊಂಡವರು ಒಬ್ಬರಾದ ಮೇಲೊಬ್ಬರು ಹೊರಟುಹೋಗುವುದು ಅನಾಥಾಲಯದ ಎಳೆಯ ಮಕ್ಕಳ ಮನಸ್ಸನ್ನು ಘಾಸಿಗೊಳಿಸುತ್ತದೆ. ಪ್ರವಾಸಿಗರನ್ನು ಸೆಳೆಯಲೆಂದೇ ತಂದೆತಾಯಿ ಇರುವ ಮಕ್ಕಳನ್ನು ಅನಾಥಾಲಯ ಸೇರಿಸುವ ದಂಧೆ ಹಲವು ದೇಶಗಳಲ್ಲಿ ಬಯಲಾದ ಮೇಲಂತೂ ಅಲ್ಪಾವಧಿ ಸೇವೆಯನ್ನು ಅನುಮಾನದಿಂದ ನೋಡುವವರು ಹೆಚ್ಚಿದ್ದಾರೆ.

ಇಂದು ಕಾನೂನೂ ಬಿಗಿಯಾಗಿದೆ. ಪ್ರವಾಸಿ ವೀಸಾದಲ್ಲಿ ಬಂದವರು ಹಣ ಪಡೆಯದೆ ಗರಿಷ್ಠ ಒಂದು ತಿಂಗಳು ಮಾತ್ರ ಸ್ವಯಂಸೇವೆ ಮಾಡಬಹುದು. ನೋಂದಾಯಿತ ಸಂಸ್ಥೆಯಲ್ಲಿ ಹೆಚ್ಚು ಕಾಲ ದುಡಿಯಲು ಸಂಬಳವಿಲ್ಲದಿದ್ದರೂ ಉದ್ಯೋಗ ವೀಸಾ ಬೇಕು. ಮಕ್ಕಳ ಪಾಲನಾ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿರಬೇಕು. ವಿದೇಶಿ ದೇಣಿಗೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ.