ಬಿಸಿಲಾಗ ಬಂದ ಹೊಳಿ ಸೂಟಿ

ನಮ್ಮ ಟೀಮಿನಲ್ಲಿ ಧಾರವಾಡದವರೊಬ್ಬರಿದ್ದಾರೆ, ಈಗ ನ್ಯೂಜೆರ್ಸಿಯಲ್ಲಿ ಮನೆ. ಒಂದು ದಿನ ಕಾಲ್‌ ನಡುವೆ ಅವರ ಕಡೆಯಿಂದ ಮಕ್ಕಳ ಗದ್ದಲ. ‘ಸ್ನೋ ಬಿದ್ದೈತ್ರಿ, ಸಾಲಿ ಸೂಟಿ. ನಿಮ್ಮ ಬೀಳಗ್ಯಾಗ ಇಂಥಾ ಸೂಟಿ ಎಲ್ಲಿ ಬರಬೇಕ್ರಿ’ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಅನ್ನಿಸಿತು, ನಮಗೂ ಇತ್ತಲ್ಲ.

ಹಿಮ ಅಲ್ಲ ಬಿಡಿ. ನಮ್ಮ ಕಡೆ ಆಕಾಶದಿಂದ ಬೀಳುವ ಮಂಜುಗಡ್ಡೆ ಅಂದ್ರೆ ಆಣಿಕಲ್ಲು. ಅದು ಹೆಚ್ಚಾಗಿ ಏಪ್ರಿಲ್‌, ಮೇ ತಿಂಗಳಲ್ಲಿ, ಬೇಸಿಗೆ ರಜೆಯೊಳಗೇ ಬೀಳುತ್ತೆ. ಪರಾತ ಹಿಡಿದು ಓಡಿ, ನಾಲ್ಕು ಕಲ್ಲು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿರುತ್ತೆ. ಒಂದು ದಿನದ ಶಾಲೆಯನ್ನೂ ತಪ್ಪಿಸಿದ ಪುಣ್ಯ ಅದಕ್ಕಿಲ್ಲ.

ಸೂಟಿ ಕೊಡ್ತಿದ್ದದ್ದು ಹೊಳಿ. ಬೀಳಗಿ ತಾಲೂಕಿಗೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಮಳೆ ಕಾಣದ ನೆಲ. ಮಳೆ ಬೀಳೋದು ಮಹಾಬಳೇಶ್ವರ, ಕೊಯ್ನಾ ಕಡೆ. ಅಲ್ಲಿನ ನೀರು ಸಾಂಗ್ಲಿ ದಾಟಿ ಇಳಿದು ಬರುವಾಗ ನಮ್ಮಲ್ಲಿ ಎಷ್ಟೋ ಸಲ ಬಿಸಿಲೇ ಇರುತ್ತೆ. ಅಂಗಳದಲ್ಲಿ ಜೋಳ ಒಣಹಾಕಿರ್ತಾರೆ, ಊರ ಕೆಳಗಿನ ದಾರಿ ನೀರಲ್ಲಿರುತ್ತೆ.

ಒಳ್ಳೆ ಹವಾ ನಂಬಿ ಮೋಸಹೋದವರು ಹಿಮದ ನಾಡಲ್ಲೂ ಇದ್ದಾರೆ. 1888ರ ಜನವರಿ 12ರಂದು ಅಮೆರಿಕದ ನೆಬ್ರಾಸ್ಕಾ, ಡಕೋಟಾ ಬಯಲಿನಲ್ಲಿ ಬೆಳಗ್ಗೆ ಬೆಚ್ಚಗಿತ್ತು. ಮಕ್ಕಳು ದಪ್ಪ ಬಟ್ಟೆ ಇಲ್ಲದೆ ಶಾಲೆಗೆ ಹೋದರು. ನೋಡನೋಡುತ್ತಾ ಹಿಮಗಾಳಿ ಎದ್ದಿತು. ಸತ್ತವರು ಸುಮಾರು 235 ಅಂತ ಲೆಕ್ಕ, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಬಹಳ. ಆ ಹಿಮಗಾಳಿಗೆ ಉಳಿದ ಹೆಸರೇ ಶಾಲಾ ಮಕ್ಕಳದ್ದು.

2005ರ ಮಹಾಪೂರದಲ್ಲಿ ನಾನು ಹೈಸ್ಕೂಲು. ಸಾಂಗ್ಲಿ ಮುಳುಗಿದ್ದು ಆಲಮಟ್ಟಿ ಹಿನ್ನೀರಿನಿಂದ ಅಂತ ಮಹಾರಾಷ್ಟ್ರದವರು, ಅಲ್ಲ ಅಂತ ನಮ್ಮವರು ಜಗಳಾಡ್ತಿದ್ರು. ನಮಗೆ ಅದ್ಯಾವುದೂ ಬೇಕಿರಲಿಲ್ಲ. ಶಾಲೆಗೆ ಸೂಟಿ ಕೊಟ್ಟ ದಿನ ನೀರಿನ ಅಂಚಿಗೆ ಹೋಗಿ ಒಬ್ಬೊಬ್ಬರು ಒಂದೊಂದು ಕಲ್ಲಿಟ್ಟೆವು. ಸಂಜೆಯೊಳಗೆ ಯಾರ ಕಲ್ಲು ಮುಳುಗುತ್ತೋ ಅವ ಸೋತಂಗ. ನೀರು ಏರಲಿ ಅಂತ ಬೇಡಿಕೊಂಡವರೂ ಇದ್ರು. ಈಗ ನೆನೆದರೆ ನಾಚಿಕೆ.

ನಮ್ಮ ಶಾಲೆಯೇ ಗಂಜಿ ಕೇಂದ್ರ ಆಗಿತ್ತು. ಡೆಸ್ಕುಗಳನ್ನು ಒಂದರ ಮೇಲೊಂದು ಪೇರಿಸಿ, ಕರಿಹಲಗೆ ಕೆಳಗೆ ಚಾಪೆ ಹಾಸಿದ್ರು. ಹಲಗೆ ಮೇಲೆ ಗಣಿತದ ಬದಲು ಅಕ್ಕಿ, ಬೇಳೆ ಲೆಕ್ಕ. ನಮ್ಮ ಕ್ಲಾಸಿನ ಹುಡುಗನೊಬ್ಬ, ಹೊಳಿದಂಡೆ ಊರಿನವ, ಮನೆಮಂದಿ ಜೊತೆ ಅಲ್ಲೇ ಇದ್ದ. ಆಟಕ್ಕೆ ಕರೆಯೋಕೆ ಹೋದೆ. ‘ಲೇ, ಸೂಟಿ ನಿನಗ. ನಾ ಹಗಲೂ ರಾತ್ರಿ ಸಾಲ್ಯಾಗ ಅದೀನಿ’ ಅಂದ. ಬರಲಿಲ್ಲ.

2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು 5 ಲಕ್ಷ ಕ್ಯೂಸೆಕ್‌ ದಾಟಿತು. ಘಟಪ್ರಭೆಯೂ ಉಕ್ಕಿ ಮುಧೋಳದ ಕಡೆ ಊರುಗಳು ಮುಳುಗಿದವು. ಮತ್ತೆ ಶಾಲೆಗಳಿಗೆ ರಜೆ, ಮತ್ತೆ ಕ್ಲಾಸ್‌ರೂಮಿನಲ್ಲಿ ಸಂಸಾರ. ನಾನು ಬೆಂಗಳೂರಲ್ಲಿ ಕೂತು ಮೊಬೈಲಿನಲ್ಲಿ ಕ್ಯೂಸೆಕ್‌ ನೋಡ್ತಿದ್ದೆ. ಕಲ್ಲಿಡುವ ಆಟದ್ದೇ ಇನ್ನೊಂದು ರೂಪ ಅದು.

ಹಿಮ ಕರಗಿದ ಮೇಲೆ ಶಾಲೆ ಇದ್ದಲ್ಲೇ ಇರುತ್ತೆ. ನಮ್ಮಲ್ಲಿ ಹಾಗಿಲ್ಲ. ಲಾಲ್‌ ಬಹದ್ದೂರ್‌ ಶಾಸ್ತ್ರಿ 1964ರ ಮೇ 22ರಂದು ಆಲಮಟ್ಟಿಗೆ ಅಡಿಗಲ್ಲು ಹಾಕಿದರು, ಮುಂದೆ 519.6 ಮೀಟರ್‌ವರೆಗೆ ನೀರು ನಿಂತಾಗ ಊರ ಜೊತೆ ಊರ ಶಾಲೆಗಳೂ ಹೋದವು. ಪುನರ್ವಸತಿ ಕೇಂದ್ರದಲ್ಲಿ ಹಳೇ ಹೆಸರಿನದೇ ಹೊಸ ಕಟ್ಟಡ. 2010ರಲ್ಲಿ ಬ್ರಿಜೇಶ್‌ ಕುಮಾರ್‌ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ನಮ್ಮ ಹೊಲಗಳಿಗೆ ಆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆ ಗೆಳೆಯ ಈಗ ಪುನರ್ವಸತಿ ಕೇಂದ್ರದಲ್ಲಿದ್ದಾನೆ. ಹೋದ ಸಲ ಊರಿಗೆ ಹೋದಾಗ ಅವನ ಮಗ ಸಿಕ್ಕ, ಮೂರನೇ ಕ್ಲಾಸು. ಹೊಳಿ ನೋಡೀಯೇನೋ ಅಂದೆ. ‘ಹೊಳಿ ಭಾಳ ದೂರ ಐತ್ರಿ ಕಾಕಾ’ ಅಂದ.