ಕಲ್ಲಂಗಡಿಯಿಂದ ಮೋಡದವರೆಗೆ: ತರಗತಿಯೊಳಗೆ ಪರಮಾಣು

ಜೀವಕೋಶದ ಪಾಠಕ್ಕೆ ಈರುಳ್ಳಿ ಸಿಪ್ಪೆ ಸಿಗುತ್ತದೆ, ಬೆಳಕಿನ ಪಾಠಕ್ಕೆ ಮಸೂರ, ಆಮ್ಲಕ್ಕೆ ನಿಂಬೆಹಣ್ಣು. ಒಂಬತ್ತನೇ ತರಗತಿಯ ‘ಪರಮಾಣುವಿನ ರಚನೆ’ಗೆ ಬಂದಾಗ ಮಾತ್ರ ಮೇಷ್ಟ್ರ ಕೈ ಖಾಲಿ. ಉಳಿಯುವುದು ಬೋರ್ಡಿನ ಮೇಲೆ ಒಂದರೊಳಗೊಂದು ಬರೆದ ವೃತ್ತಗಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಹಳೇ ಬಳ್ಳಾರಿಯವರ ಬಾಯಲ್ಲಿ ‘ಪಶ್ಚಿಮ ತಾಲ್ಲೂಕುಗಳು’. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಸೀಮೆ. ಇಲ್ಲಿನ ಪ್ರೌಢಶಾಲೆಗಳಲ್ಲಿ ಈ ವೃತ್ತಗಳ ಜಾಗಕ್ಕೆ ಮುಟ್ಟಿ ಆಡಿಸಬಲ್ಲ ಪರಮಾಣುವನ್ನು ತರುವ ಮಾತು ಬಂದಾಗ, ಆ ವಿದ್ಯೆ ನಡೆದುಬಂದ ದಾರಿಯನ್ನೊಮ್ಮೆ ನೋಡುವುದು ಒಳ್ಳೆಯದು.

ಚಿತ್ರದ ಕಾಲ

ಪರಮಾಣುವಿನ ಚರಿತ್ರೆಯೆಂದರೆ ಒಂದು ಚಿತ್ರವನ್ನು ಬರೆದು, ಪ್ರಯೋಗ ಒಪ್ಪದಿದ್ದಾಗ ಅಳಿಸಿದ ಚರಿತ್ರೆ. 1808ರಲ್ಲಿ ಡಾಲ್ಟನ್ ಒಡೆಯಲಾಗದ ಗುಂಡು ಎಂದ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡ; ಅವನ ಮಾದರಿಯನ್ನು ನಮ್ಮ ಪುಸ್ತಕ ಕಲ್ಲಂಗಡಿಗೆ ಹೋಲಿಸುತ್ತದೆ: ತಿರುಳೆಲ್ಲ ಧನ ಆವೇಶ, ನಡುನಡುವೆ ಬೀಜದಂತೆ ಎಲೆಕ್ಟ್ರಾನು. ಚಿನ್ನದ ತೆಳು ಹಾಳೆಗೆ ಹೊಡೆದ ಆಲ್ಫಾ ಕಣಗಳಲ್ಲಿ, ಪುಸ್ತಕವೇ ಹೇಳುವಂತೆ, 12,000ಕ್ಕೆ ಒಂದು ಬಂದ ದಾರಿಯಲ್ಲೇ ಹಿಂದಿರುಗಿತು. 1911ರಲ್ಲಿ ರುದರ್‌ಫೋರ್ಡ್ ಕಲ್ಲಂಗಡಿಯನ್ನು ಬದಿಗಿಟ್ಟು ನ್ಯೂಕ್ಲಿಯಸ್ ಇಟ್ಟ. 1913ರಲ್ಲಿ ಬೋರ್ ಕವಚಗಳನ್ನು ತಂದ, 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು.

ತರಗತಿಯಲ್ಲಿ ಚಿತ್ರಕ್ಕೂ ಪ್ರಯೋಗಕ್ಕೂ ನಡೆದ ಈ ಜಗಳ ಮಾಯವಾಗಿ ಹೆಸರು, ಇಸವಿ, ಚಿತ್ರ ಮಾತ್ರ ಉಳಿಯಿತು. ಅದರ ಫಲ 1986ರಲ್ಲಿ ಬಯಲಾಯಿತು. ಇಸ್ರೇಲಿನ ಸಂಶೋಧಕರಾದ ಬೆನ್-ಜ್ವಿ, ಐಲಾನ್, ಸಿಲ್ಬರ್‌ಸ್ಟೈನ್ ಅವರು ಮಕ್ಕಳ ಮುಂದೆ ‘ತಾಮ್ರದ ಒಂದು ಪರಮಾಣುವನ್ನು ತಟ್ಟಿ ತಗಡು ಮಾಡಬಹುದೇ?’ ಎಂಬಂಥ ಪ್ರಶ್ನೆಗಳನ್ನೆತ್ತಿದರು. ಅನೇಕ ಮಕ್ಕಳ ಕಣ್ಣಿಗೆ ಪರಮಾಣು ತಾಮ್ರದ ಚಿಕ್ಕ ಚೂರೇ ಆಗಿತ್ತು. ಹತ್ತು ವರ್ಷದ ನಂತರ ಹ್ಯಾರಿಸನ್ ಮತ್ತು ಟ್ರೆಗಸ್ಟ್ ಆಸ್ಟ್ರೇಲಿಯಾದಲ್ಲಿ ವಿಚಾರಿಸಿದಾಗಲೂ, ಮಾದರಿಯೆಂದರೆ ನಿಜವಸ್ತುವಿನ ಪ್ರತಿರೂಪ ಎಂದು ನಂಬಿದವರು ಕಂಡರು.

ಕೈಗೆ ಬಂದ ಕಣ

ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್, ಮರುವರ್ಷ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಆಡಿಸಿ ಕಲಿಯುವ ಚಟುವಟಿಕೆಗಳ ‘ಫೆಟ್’ ಯೋಜನೆ ಶುರುಮಾಡಿದರು. ಅದರ ಪರಮಾಣು ಕಟ್ಟುವ ಆಟದಲ್ಲಿ ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನುಗಳ ಬುಟ್ಟಿಗಳಿವೆ. ಪ್ರೋಟಾನು ಹಾಕಿದರೆ ಧಾತುವಿನ ಹೆಸರೇ ಬದಲು; ನ್ಯೂಟ್ರಾನು ಹಾಕಿದರೆ ಹೆಸರು ಹಾಗೇ ಇದ್ದು ರಾಶಿಸಂಖ್ಯೆ ಏರುತ್ತದೆ; ಎಲೆಕ್ಟ್ರಾನು ತೆಗೆದರೆ ಅಯಾನು. ಐಸೋಟೋಪಿನ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಮೊದಲೇ ಬೆರಳು ಅದನ್ನು ಕಲಿತಿರುತ್ತದೆ.

ಇನ್ನೊಂದು ಚಟುವಟಿಕೆಯಲ್ಲಿ ಆಲ್ಫಾ ಕಣಗಳನ್ನು ಥಾಮ್ಸನ್ನನ ಪರಮಾಣುವಿನ ಮೇಲೂ ರುದರ್‌ಫೋರ್ಡನದರ ಮೇಲೂ ಹೊಡೆಯಬಹುದು. ಮೊದಲನೆಯದರಲ್ಲಿ ಎಲ್ಲವೂ ನೆಟ್ಟಗೆ ಹಾಯುತ್ತವೆ. ಎರಡನೆಯದರಲ್ಲಿ ಕೆಲವು ಬಾಗುತ್ತವೆ. ಜಲಜನಕದ ಮಾದರಿಗಳ ಚಟುವಟಿಕೆಯಂತೂ ಗುಂಡಿನಿಂದ ಶ್ರೋಡಿಂಗರನ ಎಲೆಕ್ಟ್ರಾನ್ ಮೋಡದವರೆಗೆ ಆರು ಮಾದರಿಗಳನ್ನು ಪ್ರಯೋಗದ ಎದುರು ನಿಲ್ಲಿಸುತ್ತದೆ. ಪುಸ್ತಕದಲ್ಲಿ ಅಳಿಸಿಹೋಗಿದ್ದ ಜಗಳ ಮತ್ತೆ ತರಗತಿಗೆ ಬಂದದ್ದು ಹೀಗೆ. ಬೋರ್ ಮಾದರಿ ಕಲಿಸಿದರೆ ಮುಂದಿನ ಪಾಠಕ್ಕೆ ತೊಡಕು ಎಂಬ ವಾದ ಬಹುಕಾಲ ಇತ್ತು. ಮಾದರಿಗಳನ್ನು ಹೋಲಿಸುತ್ತಾ ಕಲಿಸಿದರೆ ತೊಡಕಿಲ್ಲವೆಂದು ಮೆಕ್‌ಕೇಗನ್, ಪರ್ಕಿನ್ಸ್, ವೀಮನ್ 2008ರಲ್ಲಿ ತೋರಿಸಿದರು.

ಕರ್ನಾಟಕದ ದಾರಿ

ನಮ್ಮಲ್ಲಿ ಮೊದಲು ಬಂದದ್ದು ಯಂತ್ರ. 2001ರಲ್ಲಿ ‘ಮಾಹಿತಿ ಸಿಂಧು’ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ ಪಾಠವನ್ನು ಟಿ.ವಿ.ಗೆ ಇಳಿಸಿತು. ಮೊದಲನೆಯದು ಬಹುಮಟ್ಟಿಗೆ ಕಂಪ್ಯೂಟರನ್ನೇ ಕಲಿಸಿತು, ಎರಡನೆಯದರಲ್ಲಿ ಮಕ್ಕಳು ನೋಡುಗರು. ದಿಕ್ಕು ಬದಲಾದದ್ದು ಶಿಕ್ಷಕರ ಕೈಗೆ ಉಪಕರಣ ಬಂದಾಗ: ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಕೂಡಿ ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲಿ ಶಿಕ್ಷಕರೇ ಕನ್ನಡದಲ್ಲಿ ಪಾಠಸಾಮಗ್ರಿ ಸೇರಿಸತೊಡಗಿದರು. ಆಮೇಲೆ ತಂತ್ರಜ್ಞಾನ ಬಳಸಿ ಕಲಿಸಲು ಶಿಕ್ಷಕರಿಗೆ ‘ಟಾಲ್ಪ್’ ತರಬೇತಿ, 2017ರಲ್ಲಿ ಡಿಜಿಟಲ್ ಪಾಠಗಳ ‘ದೀಕ್ಷಾ’ ತಾಣ, ಪುಸ್ತಕದಲ್ಲೇ ಕ್ಯುಆರ್ ಕೋಡ್. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ರೂಪಿಸಿದ ‘ಓಲ್ಯಾಬ್ಸ್’ ಪ್ರಯೋಗಾಲಯವನ್ನೇ ಪರದೆಗೆ ತಂದಿತು. 2020ರ ಕೊರೊನಾ ಕಾಲದಲ್ಲಿ ಚಂದನ ವಾಹಿನಿಯ ‘ಸಂವೇದ’ ಪಾಠವನ್ನು ಮನೆಗೆ ಮುಟ್ಟಿಸಿತು, ಆದರೆ ಮಕ್ಕಳು ಮತ್ತೆ ನೋಡುಗರಾದರು.

ಪರದೆಯ ಗೆಲುವು, ಪರದೆಯ ಮಿತಿ

ಈ ದಾರಿ ಹೇಳುವುದು ಒಂದೇ ಮಾತು: ಪರಮಾಣು ಕುಣಿದರೆ ಸಾಲದು, ಅದರ ಬಗ್ಗೆ ಮಗು ಮೊದಲು ಒಂದು ಊಹೆ ಕಟ್ಟಿ ಸೋಲಬೇಕು. ಅದಕ್ಕೆ ತಲೆಗೊಂದು ಕಂಪ್ಯೂಟರ್ ಬೇಕಿಲ್ಲ. ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು ಸಾಕು. ‘ಕಲ್ಲಂಗಡಿಗೆ ಹೊಡೆದರೆ ಕಣ ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಗೀಚಿಸಿ, ಆಮೇಲೆ ಗುಂಡಿ ಒತ್ತಬೇಕು. ಫೆಟ್‌ನ ಹೊಸ ಚಟುವಟಿಕೆಗಳನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತವೆ. ಹಲವಕ್ಕೆ ಕನ್ನಡ ರೂಪವೂ ಇದೆ. ಕರೆಂಟು ನೆಚ್ಚಲಾಗದ ಊರಿನಲ್ಲಿ ಊಹೆಯ ಭಾಗವನ್ನು ಮೊದಲೇ ಮುಗಿಸಿಟ್ಟರೆ, ಪರದೆಗೆ ಹತ್ತು ನಿಮಿಷ ಸಿಕ್ಕರೂ ಪಾಠ ಕೆಡುವುದಿಲ್ಲ.

ಆದರೂ ಯಾವ ಪರದೆಯೂ ತೋರಿಸಲಾಗದ್ದು ಒಂದಿದೆ, ಅಳತೆ. ನ್ಯೂಕ್ಲಿಯಸ್ಸೂ ಎಲೆಕ್ಟ್ರಾನೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕೆಂದರೆ ಸುಳ್ಳು ಹೇಳಲೇಬೇಕು. ಅದಕ್ಕೆ ಪ್ರೊಜೆಕ್ಟರ್ ಆರಿಸಿ ಹೊರಗೆ ಹೋಗಬೇಕು. ಜಲಜನಕದ ಪ್ರೋಟಾನು ನಾಲ್ಕು ಮಿಲಿಮೀಟರಿನ ಒಂದು ಜೋಳದ ಕಾಳು ಎಂದುಕೊಂಡರೆ, ಎಲೆಕ್ಟ್ರಾನು ಸುಮಾರು 125 ಮೀಟರ್ ಆಚೆ. ಶಾಲೆಯಂಗಳದಲ್ಲಿ ಒಬ್ಬಳು ಅಂಗೈಯಲ್ಲಿ ಕಾಳು ಹಿಡಿದು ನಿಲ್ಲಲಿ. ಇನ್ನೊಬ್ಬ ಹೆಜ್ಜೆ ಎಣಿಸುತ್ತಾ ಗೇಟು ದಾಟಿ, ಹೊಲದ ಬದುವಿನ ಮೇಲೆ ನಡೆಯಲಿ. ಎಣಿಕೆ ಮುಗಿದು ಅವನು ತಿರುಗಿ ನೋಡುವಾಗ ಕಾಳು ಕಾಣುವುದಿಲ್ಲ, ಅದನ್ನು ಹಿಡಿದ ಹುಡುಗಿ ಮಾತ್ರ ಕಾಣುತ್ತಾಳೆ. ನಡುವೆ ಇರುವುದೆಲ್ಲ ಬಯಲು.