ಹಾಲಿನ ಕ್ಯಾನಿನೊಳಗಣ ಚರಿತ್ರೆ

ವಾರ್ಸಾ ನಗರದ ತ್ಲೊಮಾಟ್ಸ್ಕಿಯೆ ಬೀದಿಯಲ್ಲಿರುವ ಯೆಹೂದ್ಯ ಇತಿಹಾಸ ಸಂಸ್ಥೆಯನ್ನು ಹೊಕ್ಕವನು ಮೊದಲು ತಲೆತಗ್ಗಿಸಿ ನೆಲವನ್ನು ನೋಡಬೇಕು. 1943ರ ಮೇ 16ರಂದು ನಾಜಿಗಳು ಪಕ್ಕದ ಮಹಾ ಸಿನಗಾಗನ್ನು ಸಿಡಿಮದ್ದಿಟ್ಟು ಉರುಳಿಸಿದಾಗ ಈ ಕಟ್ಟಡಕ್ಕೂ ಹಬ್ಬಿದ ಬೆಂಕಿಯ ಕಲೆಗಳು ಅಲ್ಲಿ ಇಂದಿಗೂ ಅಳಿಯದೆ ಉಳಿದಿವೆ. ಅದೇ ಕಟ್ಟಡದಲ್ಲಿ, ಏಳು ವರ್ಷಕ್ಕೂ ಮಿಕ್ಕು ಮಣ್ಣಿನಡಿಯಲ್ಲಿದ್ದು ಬಣ್ಣಗೆಟ್ಟ ಒಂದು ಹಾಲಿನ ಕ್ಯಾನನ್ನು ಕಾಪಾಡಿ ಇರಿಸಿದ್ದಾರೆ.

1940ರ ನವೆಂಬರಿನಲ್ಲಿ, ಜರ್ಮನ್ನರು ಸುಮಾರು ನಾಲ್ಕು ಲಕ್ಷ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿ ಗೆಟ್ಟೋದ ಬಾಗಿಲುಗಳನ್ನು ಮುಚ್ಚಿದ ಆ ತಿಂಗಳಲ್ಲಿಯೇ, ಇಮ್ಯಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರನು ಅಧ್ಯಾಪಕರನ್ನೂ ಲೇಖಕರನ್ನೂ ಕೂಡಿಸಿಕೊಂಡು, ತನ್ನ ಜನರ ಬಾಳನ್ನೂ ಮರಣವನ್ನೂ ಶತ್ರುವಿನ ಕಣ್ತಪ್ಪಿಸಿ ಬರೆದಿಡುವ ಕಾರ್ಯಕ್ಕೆ ಕೈಯಿಕ್ಕಿದನು. ಶನಿವಾರಗಳಂದು ಸೇರುತ್ತಿದ್ದ ಆ ಮಂಡಲಿಗೆ ‘ಓನೆಗ್ ಶಬ್ಬತ್’, ಎಂದರೆ ಸಬ್ಬತ್ತಿನ ಆನಂದ, ಎಂಬುದು ಗುಪ್ತನಾಮ. ದಿನಚರಿ, ವರದಿಗಳ ಜೊತೆಗೆ ಟ್ರಾಮಿನ ಟಿಕೆಟ್ಟು, ರೇಷನ್ ಚೀಟಿ, ಮಿಠಾಯಿ ಸುತ್ತಿದ ಕಾಗದಗಳನ್ನೂ ಅವರು ಕೂಡಿಟ್ಟರು. ಚರಿತ್ರೆಯೆಂದರೆ ಅರಸರ ವಂಶಾವಳಿಯೆಂದು ಓದಿ ಬೆಳೆದ ನಮ್ಮಂಥವರು ಆ ಮಿಠಾಯಿ ಕಾಗದವನ್ನು ಕುರಿತು ತುಸುಹೊತ್ತು ಯೋಚಿಸಬೇಕು.

1942ರ ಜುಲೈ 22ರಿಂದ ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸತೊಡಗಿದರು. ಆಗಸ್ಟಿನಲ್ಲಿ ಇಸ್ರೇಲ್ ಲಿಖ್ಟೆನ್‌ಷ್ಟೈನ್ ಎಂಬ ಉಪಾಧ್ಯಾಯನು ತನ್ನ ಇಬ್ಬರು ಶಿಷ್ಯರೊಡನೆ ನೊವೊಲಿಪ್ಕಿ ಬೀದಿಯ ಶಾಲೆಯ ನೆಲಮಾಳಿಗೆಯಲ್ಲಿ ಕಾಗದಗಳು ತುಂಬಿದ ಹತ್ತು ಲೋಹದ ಪೆಟ್ಟಿಗೆಗಳನ್ನು ಹೂತನು. 1943ರ ಫೆಬ್ರವರಿಯಲ್ಲಿ ಎರಡು ಹಾಲಿನ ಕ್ಯಾನುಗಳು ಅದೇ ನೆಲವನ್ನು ಸೇರಿದವು. ಏಪ್ರಿಲ್ 19ರಂದು ಗೆಟ್ಟೋದ ತರುಣ ತರುಣಿಯರು ಪಿಸ್ತೂಲು ಹಿಡಿದು ಎದುರು ನಿಂತ ಶೌರ್ಯವನ್ನು ಲೋಕವು ಕೊಂಡಾಡುವುದು ಉಚಿತವೇ ಸರಿ. ಆದರೆ ತಾವು ಉಳಿಯಲಾರೆವೆಂದರಿತೂ ಸಾಕ್ಷ್ಯವನ್ನು ಉಳಿಸಿದ ಈ ಲೇಖನಿಯವರನ್ನು ಅವರ ಪಂಕ್ತಿಯಲ್ಲಿಯೇ ಕೂರಿಸಬೇಕೆಂದು ನನ್ನ ದೃಢವಾದ ಮತ.

ಯುದ್ಧವು ಮುಗಿದ ಮೇಲೆ, ಇಡಿಯ ಕೇರಿಯೇ ಇಟ್ಟಿಗೆಯ ರಾಶಿಯಾಗಿದ್ದ ಕಡೆ ಅಗೆದು 1946ರ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳನ್ನು ಹೊರತೆಗೆದರು. ಅವುಗಳೊಳಗೆ ನೀರು ಹೊಕ್ಕಿತ್ತು. ಕ್ಯಾನುಗಳು ದೊರೆತದ್ದು 1950ರ ಡಿಸೆಂಬರಿನಲ್ಲಿ. ಎಲ್ಲವೂ ಸೇರಿ ಸುಮಾರು 35,000 ಪುಟಗಳು. ರಿಂಗೆಲ್‌ಬ್ಲುಮನನ್ನು 1944ರಲ್ಲಿಯೇ ಹೆಂಡತಿ, ಮಗನೊಡನೆ ಕೊಂದಿದ್ದರು.

ಲಿಖ್ಟೆನ್‌ಷ್ಟೈನನೂ ಉಳಿಯಲಿಲ್ಲ. ಪೆಟ್ಟಿಗೆಯೊಳಗಿಟ್ಟ ತನ್ನ ಮರಣಶಾಸನದಲ್ಲಿ ಅವನು, ಚಿತ್ರಕಾರ್ತಿಯಾದ ಹೆಂಡತಿ ಗೇಲಾಳನ್ನೂ ಇಪ್ಪತ್ತು ತಿಂಗಳ ಮಗಳನ್ನೂ ನೆನೆಯಿರೆಂದು ಬೇಡಿಕೊಂಡಿದ್ದನು. ಓದುಗರೇ, ಆ ಮಗುವಿನ ಹೆಸರು ಮಾರ್ಗಾಲಿತ್.